ನೆಬ್ರಾಸ್ಕದ ರೈತ ಬರೆದ ಕಾಗದಗಳು

ಒಂಬತ್ತನೇ ತರಗತಿಯಲ್ಲಿ ಒಂದು ದಿನ ಮಿಡತೆಗಳ ಮಾತು ಬಂತು. 2020ರಲ್ಲಿ ರಾಜಸ್ಥಾನ, ಗುಜರಾತು, ಮಧ್ಯಪ್ರದೇಶಗಳ ಹೊಲಗಳ ಮೇಲೆ ಎರಗಿದ ಮಿಡತೆ ದಂಡಿನ ಬಗ್ಗೆ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಸಾರ್, ಕೋಟಿಗಟ್ಟಲೆ ಇರೋ ಹುಳ ಯಾವತ್ತಾದ್ರೂ ಒಂದೂ ಇಲ್ದಂಗೆ ಆಗುತ್ತಾ?’

‘ಆಗುತ್ತಪ್ಪ, ಆಗಿದೆ’ ಎಂದೆ. ಅಮೆರಿಕದಲ್ಲಿ ರಾಕಿ ಪರ್ವತದ ಮಿಡತೆ ಎಂಬ ಜಾತಿಯೊಂದಿತ್ತು, ಈಗ ಅದರಲ್ಲಿ ಒಂದೂ ಉಳಿದಿಲ್ಲ ಎಂದು ಹೇಳಿದೆ. ಹುಡುಗ ಕೂರಲಿಲ್ಲ. ‘ಅದು ಅಷ್ಟೊಂದು ಇತ್ತು ಅಂತ ಯಾರು ನೋಡಿದ್ರು ಸಾರ್? ಯಾರು ಬರೆದಿಟ್ರು?’

ವಿಜ್ಞಾನದ ಮೇಷ್ಟರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ. ಇದಕ್ಕಿಂತ ಕಷ್ಟದ ಪ್ರಶ್ನೆಯೂ ಇಲ್ಲ. ‘ನಾಳೆ ಹೇಳ್ತೀನಿ’ ಎಂದು, ಮೇಷ್ಟರುಗಳಿಗೆ ವಂಶಪಾರಂಪರ್ಯವಾಗಿ ಬಂದಿರುವ ಉಪಾಯ ಹೂಡಿ, ಪಾಠ ಮುಂದುವರಿಸಿದೆ. ಆ ‘ನಾಳೆ’ ಎರಡು ವಾರವಾಯಿತು. ಮಿಡತೆಯನ್ನು ಹುಡುಕಿಕೊಂಡು ಹೊರಟವನು ಒಬ್ಬ ರೈತನ ಮನೆಯ ಕಾಗದಗಳಲ್ಲಿ ಸಿಕ್ಕಿಕೊಂಡೆ. ಇವತ್ತು ಆ ಕಾಗದಗಳ ವಿಚಾರ.

ರೈತನ ಹೆಸರು ಯುರಾಯಾ ಆಬ್ಲಿಂಗರ್. ಹುಟ್ಟಿದ್ದು 1842ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಅವನು ಯಾವ ಚುನಾವಣೆಗೂ ನಿಂತವನಲ್ಲ, ಏನನ್ನೂ ಕಂಡುಹಿಡಿದವನಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೇನೆಯಲ್ಲಿ ಸಿಪಾಯಿಯಾಗಿದ್ದ, ಆಮೇಲೆ ಬೇಸಾಯ ಮಾಡಿದ, ಅಷ್ಟೆ. ಆದರೆ ಅವನೂ ಅವನ ಮನೆಯವರೂ ಬರೆದ ಮುನ್ನೂರಕ್ಕೂ ಹೆಚ್ಚು ಕಾಗದಗಳು, ಸುಮಾರು ಮೂರು ಸಾವಿರ ಪುಟ, ನೆಬ್ರಾಸ್ಕ ರಾಜ್ಯದ ಇತಿಹಾಸ ಸಂಸ್ಥೆಯಲ್ಲಿ ಭದ್ರವಾಗಿವೆ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಅವನ್ನು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ಓದುವಂತೆ ಇಟ್ಟಿದೆ. ಹೊಲ, ಕೆಲಸ, ನೆರೆಹೊರೆ, ಬೆಳೆ, ಚರ್ಚಿನ ಕೂಟ, ಮಿಡತೆ, ಹಣದ ತಾಪತ್ರಯ, ಹಿಮದ ಬಿರುಗಾಳಿ ಎಲ್ಲವೂ ಅವುಗಳಲ್ಲಿ ಬರುತ್ತವೆ. ಅವನ ಹೆಂಡತಿ ಮ್ಯಾಟಿಯ ಕಾಗದಗಳಲ್ಲಿ ಪೂರ್ಣವಿರಾಮ, ಅಲ್ಪವಿರಾಮಗಳ ಗೊಡವೆಯೇ ಇಲ್ಲ. ಉಸಿರು ಕಟ್ಟಿಕೊಂಡು ಮಾತಾಡುವವರ ಹಾಗೆ ಒಂದು ಸುದ್ದಿಯಿಂದ ಇನ್ನೊಂದಕ್ಕೆ ಹಾರುತ್ತವೆ. ನಾನು ಪರೀಕ್ಷೆಯ ಪೇಪರು ತಿದ್ದುವವನಾದ್ದರಿಂದ ಮೊದಲು ಕೈ ಕೆಂಪು ಪೆನ್ನಿನ ಕಡೆಗೇ ಹೋಯಿತು. ನಾಲ್ಕು ಕಾಗದ ಓದುವಷ್ಟರಲ್ಲಿ ಪೆನ್ನಿನ ನೆನಪೇ ಹೋಯಿತು.

ಅವನು ಊರು ಬಿಟ್ಟದ್ದು ಏಕೆಂದು ತಿಳಿಯಬೇಕಾದರೆ ಒಂದು ಕಾಯ್ದೆಯ ವಿಷಯ ಹೇಳಬೇಕು. 1862ರ ಮೇ 20ರಂದು ಅಧ್ಯಕ್ಷ ಲಿಂಕನ್ ಸಹಿ ಹಾಕಿದ ಹೋಂಸ್ಟೆಡ್ ಕಾಯ್ದೆ ಅದು. ಮನೆಯ ಯಜಮಾನನಾದವನು ಅಥವಾ 21 ತುಂಬಿದವನು ಸರ್ಕಾರಿ ಭೂಮಿಯಲ್ಲಿ 160 ಎಕರೆ ಗುರುತಿಸಿ ಅರ್ಜಿ ಹಾಕಬಹುದು. ಅಲ್ಲಿ ಮನೆ ಕಟ್ಟಿಕೊಂಡು ಐದು ವರ್ಷ ಇದ್ದು ಉಳುಮೆ ಮಾಡಿದರೆ ಭೂಮಿ ಅವನದೇ. ಎಲ್ಲಾ ಶುಲ್ಕ ಸೇರಿ ಹದಿನೆಂಟು ಡಾಲರ್. 160 ಎಕರೆ ಎಂದರೆ ಅರ್ಧ ಮೈಲಿ ಉದ್ದ, ಅರ್ಧ ಮೈಲಿ ಅಗಲ. ಸೈನಿಕರಾಗಿದ್ದವರಿಗೆ 1872ರಲ್ಲಿ ಇನ್ನೊಂದು ರಿಯಾಯಿತಿ ಸಿಕ್ಕಿತು. ಸೇನೆಯಲ್ಲಿ ಕಳೆದ ವರ್ಷಗಳನ್ನು ಆ ಐದು ವರ್ಷಗಳಲ್ಲಿ ವಜಾ ಮಾಡಿಕೊಳ್ಳಬಹುದಿತ್ತು. ಅದೇ ವರ್ಷ ಯುರಾಯಾ ಹೊರಟ.

ಬಿಟ್ಟಿ ಭೂಮಿ ಎಂದರು. ಬಿಟ್ಟಿಯೇನೋ ಹೌದು, ಆದರೆ ಅದು ಯಾರೂ ಇಲ್ಲದ ಭೂಮಿಯಾಗಿರಲಿಲ್ಲ. ನೆಬ್ರಾಸ್ಕದ ಆ ಭಾಗ ಪೌನೀ ಎಂಬ ಮೂಲನಿವಾಸಿಗಳದು. ಪ್ಲಾಟ್ ನದಿಯ ದಕ್ಷಿಣದ ಭೂಮಿಯನ್ನು 1833ರ ಒಪ್ಪಂದದಲ್ಲಿ ಅವರು ಬಿಟ್ಟುಕೊಡಬೇಕಾಯಿತು. 1870ರ ದಶಕದ ನಡುವೆ ಅವರನ್ನು ಈಗಿನ ಒಕ್ಲಹೋಮದ ಕಡೆಗೆ ಸಾಗಿಸಲಾಯಿತು. ಯುರಾಯಾ ಕಾಲಿಟ್ಟದ್ದೂ ಅವರು ಕಾಲು ತೆಗೆದದ್ದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ರೈತನ ಕಾಗದಗಳನ್ನು ಓದುವಾಗ ಇದನ್ನು ಮರೆತು ಓದಬಾರದು.

1872ರ ಶರತ್ಕಾಲದಲ್ಲಿ ಯುರಾಯಾ ಇಂಡಿಯಾನಾ ರಾಜ್ಯದಿಂದ ಕುದುರೆ ಗಾಡಿಯಲ್ಲಿ ಹೊರಟ. ಜೊತೆಗೆ ಹೆಂಡತಿಯ ಅಣ್ಣತಮ್ಮಂದಿರು. ಮದುವೆಯಾಗಿ ಮೂರು ವರ್ಷ ಕಳೆದಿತ್ತು, ಎಲಾ ಎಂಬ ಪುಟ್ಟ ಮಗಳಿದ್ದಳು. ಮ್ಯಾಟಿಯನ್ನೂ ಮಗುವನ್ನೂ ಅವಳ ತವರಿನಲ್ಲಿ ಬಿಟ್ಟು, ಸುಮಾರು ಸಾವಿರ ಕಿಲೋಮೀಟರ್ ದೂರದ ನೆಬ್ರಾಸ್ಕದ ಫಿಲ್ಮೋರ್ ಕೌಂಟಿಗೆ ಹೋದ. ಮುಂದಿನ ಬೇಸಿಗೆಯವರೆಗೆ ಗಂಡ ಹೆಂಡಿರ ಸಂಸಾರ ನಡೆದದ್ದು ಕಾಗದದ ಮೇಲೆ. ಅವನ ಕಾಗದಗಳು ಮ್ಯಾಟಿಗೆ ಮಾತ್ರವಲ್ಲ, ಅಕ್ಷರ ಬಾರದ ಆ ಮಗುವಿನ ಹೆಸರಿಗೂ ಬರುತ್ತಿದ್ದವು.

ಆಗಿನ ಅಂಚೆಯ ವ್ಯವಸ್ಥೆ ಹೀಗಿತ್ತು. 1863ರಿಂದ ಅಮೆರಿಕದಲ್ಲಿ ಅರ್ಧ ಔನ್ಸ್, ಅಂದರೆ ಸುಮಾರು 14 ಗ್ರಾಂ ತೂಕದ ಕಾಗದಕ್ಕೆ ದೇಶದ ಯಾವ ಮೂಲೆಗಾದರೂ ಮೂರು ಸೆಂಟ್. ಹಳ್ಳಿಯ ಮನೆ ಬಾಗಿಲಿಗೆ ಅಂಚೆಯವನು ಬರತೊಡಗಿದ್ದು 1896ರ ನಂತರ. ಅದಕ್ಕೆ ಮುಂಚೆ ರೈತನೇ ಮೈಲಿಗಟ್ಟಲೆ ನಡೆದೋ ಗಾಡಿ ಕಟ್ಟಿಯೋ ಅಂಚೆ ಕಚೇರಿಗೆ ಹೋಗಬೇಕು. ಅಷ್ಟು ದೂರ ಹೋಗಿ ಕಾಗದ ಬಂದಿಲ್ಲ ಎಂದರೆ ವಾಪಸು ಬರುವ ದಾರಿ ಎಷ್ಟು ಉದ್ದವಾಗಿರುತ್ತದೆಂದು, ಮಕ್ಕಳನ್ನು ಪರ ಊರಿಗೆ ಕಳಿಸಿದ ಹಳೆಯ ತಲೆಮಾರಿನವರಿಗೆ ಹೇಳಬೇಕಾಗಿಲ್ಲ.

ಈ ಕಾಗದಗಳಲ್ಲಿ ಸಂಸಾರದ ಮಾತು ಎಲ್ಲಿ ಮುಗಿಯುತ್ತದೆ, ವ್ಯವಹಾರದ ಮಾತು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯಲಾಗುವುದಿಲ್ಲ. ರೈತನ ಮನೆಯಲ್ಲಿ ಅವೆರಡೂ ಬೇರೆ ಬೇರೆಯಾಗಿ ಇರುವುದಿಲ್ಲವಲ್ಲ. ಮಗುವನ್ನು ನೋಡುವ ಆಸೆ, ಸಾಲದ ಚಿಂತೆ, ಸತ್ತ ನೆಂಟ, ಬಿತ್ತಿದ ಜೋಳ ಎಲ್ಲವೂ ಒಂದೇ ಹಾಳೆಯ ಮೇಲೆ. ನಮ್ಮ ತಂದೆಯವರ ಕಾಗದಗಳೂ ಹೀಗೆಯೇ ಇರುತ್ತಿದ್ದವು. ನಾನು ಬಿ.ಇಡಿ. ಓದುವಾಗ ಬರುತ್ತಿದ್ದ ಇನ್‌ಲ್ಯಾಂಡ್ ಲೆಟರಿನಲ್ಲಿ ಮೊದಲು ‘ಇತ್ತ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು’. ಆಮೇಲೆ ಮಳೆ, ಆಮೇಲೆ ಎಮ್ಮೆ, ಆಮೇಲೆ ಅಮ್ಮನ ಮಂಡಿನೋವು, ಕೊನೆಗೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ‘ಹಣ ಮುಂದಿನ ವಾರ ಕಳಿಸುತ್ತೇನೆ’. ಆ ಕಾಲದ ಅಮೆರಿಕದ ಹಳ್ಳಿಗರ ಕಾಗದಗಳೂ ‘ನಾವು ಚೆನ್ನಾಗಿದ್ದೇವೆ, ಈ ಕಾಗದ ತಲುಪುವಾಗ ನೀವೂ ಹಾಗೇ ಇರುವಿರೆಂದು ಭಾವಿಸುತ್ತೇವೆ’ ಎಂಬರ್ಥದ ಮಾತಿನಿಂದಲೇ ಶುರುವಾಗುತ್ತಿದ್ದವು. ಕಾಗದ ಊರು ಸೇರುವಷ್ಟರಲ್ಲಿ ಏನು ಬೇಕಾದರೂ ಆಗಿರಬಹುದು ಎಂಬ ಭಯ ಎಲ್ಲ ದೇಶದವರಿಗೂ ಒಂದೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಆ ಕಾಲದಲ್ಲಿ ನೆಬ್ರಾಸ್ಕದ ಬಗ್ಗೆ ಓದಲು ಸಿಗುತ್ತಿದ್ದದ್ದು ಕಾಗದಗಳು ಮಾತ್ರವಲ್ಲ. ರೈಲ್ವೆ ಕಂಪನಿಗಳಿಗೆ ಸರ್ಕಾರ ಹಳಿಯ ಎರಡೂ ಬದಿಯಲ್ಲಿ ಒಂದು ಬಿಟ್ಟು ಒಂದರಂತೆ ಚದರ ಮೈಲಿ ಭೂಮಿ ಕೊಟ್ಟಿತ್ತು. ಅದನ್ನು ಮಾರಿಕೊಳ್ಳಲು ಅವರು ಬಣ್ಣಬಣ್ಣದ ಜಾಹೀರಾತು ಹಂಚುತ್ತಿದ್ದರು. ಅವುಗಳಲ್ಲಿ ನೆಬ್ರಾಸ್ಕವೆಂದರೆ ನಂದನವನ. ಬರಬರುತ್ತಾ ಇದಕ್ಕೆ ವಿಜ್ಞಾನದ ಬೆಂಬಲವೂ ಸಿಕ್ಕಿತು. ನೆಬ್ರಾಸ್ಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಯಾಮ್ಯುಯೆಲ್ ಆಘೀ 1880ರಲ್ಲಿ ಒಂದು ಪುಸ್ತಕ ಬರೆದು, ಹುಲ್ಲುಗಾವಲನ್ನು ಉತ್ತಷ್ಟೂ ಮಳೆ ಹೆಚ್ಚುತ್ತದೆ ಎಂದ. ಉತ್ತ ಮಣ್ಣು ಸ್ಪಂಜಿನಂತೆ ನೀರು ಹೀರಿಕೊಂಡು, ನಿಧಾನವಾಗಿ ಆವಿಯಾಗಿ ಬಿಡುತ್ತದೆ, ಆ ಆವಿಯೇ ಮತ್ತೆ ಮಳೆಯಾಗುತ್ತದೆ ಎಂಬುದು ಅವನ ವಾದ. ಮರುವರ್ಷ ಚಾರ್ಲ್ಸ್ ಡೇನಾ ವಿಲ್ಬರ್ ಎಂಬಾತ ‘ನೇಗಿಲ ಹಿಂದೆ ಮಳೆ ಬರುತ್ತದೆ’ ಎಂಬರ್ಥದ ಘೋಷಣೆಯನ್ನೇ ಕಟ್ಟಿದ. ಆ ಕೆಲವು ವರ್ಷ ಮಳೆ ಚೆನ್ನಾಗಿ ಆದದ್ದು ನಿಜ. ಎರಡು ಸಂಗತಿಗಳು ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಪ್ರಾಧ್ಯಾಪಕರು ಅದನ್ನು ಮರೆತರು. 1890ರ ದಶಕದ ಬರಗಾಲ ನೆನಪಿಸಿತು. ಅವರ ಮಾತು ನಂಬಿ ಪಶ್ಚಿಮಕ್ಕೆ ಹೋದ ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಹಿಂತಿರುಗಿದವು.

ಜಾಹೀರಾತು ಬರೆದವನು ಅದನ್ನು ಓದಿ ಮೋಸಹೋದವನ ಮುಖ ನೋಡಬೇಕಾಗಿಲ್ಲ. ಹೆಂಡತಿಗೆ ಕಾಗದ ಬರೆದವನು ನೋಡಬೇಕು. ಅವಳು ಬಂದು ಅದೇ ಮನೆಯಲ್ಲಿ ಇರುವವಳು. ಅವನು ಬರೆದ ಒಂದೊಂದು ಸಾಲನ್ನೂ ಕಣ್ಣಾರೆ ನೋಡಿ ತಾಳೆ ಹಾಕುವವಳು. ಯುರಾಯಾನ ಕಾಗದಗಳ ಸತ್ವ ಇರುವುದು ಇಲ್ಲಿ.

1873ರ ಏಪ್ರಿಲ್ 13, ಈಸ್ಟರ್ ಭಾನುವಾರ. ವಸಂತ ಬಂತೆಂದು ಜನ ಹೊಲದ ಕೆಲಸ ಶುರುಮಾಡಿದ್ದರು. ಮಳೆಯಾಗಿ ಶುರುವಾದದ್ದು ಹಿಮವಾಗಿ, ಹಿಮ ಬಿರುಗಾಳಿಯಾಗಿ ಮೂರು ದಿನ ಬಡಿಯಿತು. ನೆಬ್ರಾಸ್ಕದಲ್ಲಿ ಅದನ್ನು ಈಗಲೂ ‘ಈಸ್ಟರ್ ಬಿರುಗಾಳಿ’ ಎಂದೇ ನೆನೆಯುತ್ತಾರೆ. ಹಿಮ ಹಿಟ್ಟಿನಷ್ಟು ನುಣ್ಣಗೆ ಇದ್ದು, ಗಾಳಿಯ ರಭಸಕ್ಕೆ ಸಣ್ಣ ಬಿರುಕಿನಲ್ಲೂ ನುಗ್ಗುತ್ತಿತ್ತು. ಹತ್ತು ಹೆಜ್ಜೆ ದೂರದ ಕೊಟ್ಟಿಗೆಗೆ ಹೋದವರು ದಾರಿ ತಪ್ಪುವಂತಿತ್ತು. ದನಕರುಗಳು ನಿಂತಲ್ಲೇ ಸತ್ತವು. ಕೆಲವರು ಅವನ್ನು ತಾವು ಮಲಗುವ ಒಂದೇ ಕೋಣೆಯೊಳಗೆ ಕಟ್ಟಿಕೊಂಡು ಉಳಿಸಿಕೊಂಡರು.

ಯುರಾಯಾ ಅದನ್ನು ಕಂಡವನು. ಹೆಂಡತಿ ಮಗು ಇನ್ನೇನು ರೈಲು ಹತ್ತಿ ಬರಬೇಕು. ಇಂಥ ಹೊತ್ತಿನಲ್ಲಿ ಮನೆಯವಳಿಗೆ ಏನು ಬರೆಯುವುದು? ‘ಇಲ್ಲಿ ಎಲ್ಲ ಕ್ಷೇಮ’ ಎಂದು ಬರೆದು ಮುಗಿಸಬಹುದಿತ್ತು. ನಮ್ಮಲ್ಲಿ ಬಹಳ ಮಂದಿ ಅದನ್ನೇ ಮಾಡುತ್ತೇವೆ. ಅವನು ಬಿರುಗಾಳಿಯ ವಿಷಯವನ್ನು ಬರೆದ. ಬರೆದ ಮೇಲೂ ಮುಂದಿನ ತಿಂಗಳು, ಮೇ ತಿಂಗಳಲ್ಲಿ, ಮ್ಯಾಟಿ ಮಗುವನ್ನು ಕರೆದುಕೊಂಡು ಬಂದಳು. ಈ ಎರಡು ಸಂಗತಿಗಳನ್ನು ನಾನು ಪದೇ ಪದೇ ಯೋಚಿಸಿದ್ದೇನೆ. ಆಕೆ ಬಣ್ಣದ ಜಾಹೀರಾತು ನೋಡಿ ಬಂದವಳಲ್ಲ. ತಿಳಿದು ಬಂದವಳು.

ಜೂನ್ ಹೊತ್ತಿಗೆ ಅವರು ಸ್ವಂತ ಮನೆ ಸೇರಿದ್ದರು. ಜೂನ್ 16ರಂದು ಮ್ಯಾಟಿ ತವರಿಗೆ ಬರೆದ ಕಾಗದವೊಂದಿದೆ. ನಮ್ಮದೇ ಮನೆಯಲ್ಲಿ ಇದ್ದೇವೆ, ಅದೂ ಹುಲ್ಲುಹೆಂಟೆಯ ಮನೆ ಎಂದು ಹೇಳುತ್ತಾಳೆ. ಮನೆಗೆ ಇನ್ನೂ ನೆಲ ಹಾಕಿಲ್ಲ ಎಂಬುದೊಂದೇ ಕೊರತೆ ಎನ್ನುತ್ತಾಳೆ. ಇನ್ನೊಂದು ಕಾಗದದಲ್ಲಿ, ನಾವು ಹೆಂಟೆಯ ಮನೆಯಲ್ಲಿ ಇದ್ದೇವೆಂದು ನೀವು ಮರುಗುತ್ತಿರಬಹುದು, ಆದರೆ ನಾನು ಯಾವತ್ತೂ ಇಷ್ಟು ಸುಖವಾಗಿ ಇರಲಿಲ್ಲ ಎಂಬರ್ಥದ ಮಾತು ಬರುತ್ತದೆ.

ಹೆಂಟೆಯ ಮನೆ ಎಂದರೇನು ಎಂದು ಹೇಳಬೇಕು. ಆ ಬಯಲಿನಲ್ಲಿ ಮರವಿಲ್ಲ, ಕಲ್ಲಿಲ್ಲ. ಇರುವುದು ಹುಲ್ಲು ಮಾತ್ರ. ಆದರೆ ಸಾವಿರಾರು ವರ್ಷದ ಹುಲ್ಲು ಅದು. ಅದರ ಬೇರಿನ ಜಾಲ ಮಣ್ಣನ್ನು ಕಂಬಳಿಯಂತೆ ಹೆಣೆದು ಹಿಡಿದಿರುತ್ತದೆ. ಅದಕ್ಕೆಂದೇ ಮಾಡಿದ ನೇಗಿಲಿನಿಂದ ಒಂದಡಿ ಅಗಲ, ನಾಲ್ಕು ಅಂಗುಲ ದಪ್ಪದ ಉದ್ದ ಪಟ್ಟಿ ಎಬ್ಬಿಸಿ, ಗುದ್ದಲಿಯಿಂದ ಎರಡು ಮೂರು ಅಡಿಯ ತುಂಡು ಮಾಡಿ, ಹುಲ್ಲಿನ ಮುಖ ಕೆಳಗೆ ಮಾಡಿ ಇಟ್ಟಿಗೆಯಂತೆ ಪೇರಿಸುತ್ತಿದ್ದರು. ಗೋಡೆಯ ದಪ್ಪ ಎರಡು ಮೂರು ಅಡಿ. ಜನ ಇದನ್ನು ತಮಾಷೆಗೆ ‘ನೆಬ್ರಾಸ್ಕದ ಅಮೃತಶಿಲೆ’ ಎನ್ನುತ್ತಿದ್ದರು.

ನಾನು ಕಪ್ಪು ಹಲಗೆಯ ಮೇಲೆ ಮಕ್ಕಳೊಂದಿಗೆ ಒಂದು ಲೆಕ್ಕ ಮಾಡಿದೆ. ಒಳಗೆ 16 ಅಡಿಗೆ 20 ಅಡಿ ಇರುವ ಮನೆ, ಎರಡೂವರೆ ಅಡಿ ದಪ್ಪ, ಏಳಡಿ ಎತ್ತರದ ಗೋಡೆ ಎಂದಿಟ್ಟುಕೊಳ್ಳಿ. ಬಾಗಿಲು ಕಿಟಕಿ ಬಿಡದೆ ಲೆಕ್ಕ ಹಾಕಿದರೆ ಸುಮಾರು 1,435 ಘನ ಅಡಿ. ಅಷ್ಟಕ್ಕೆ ನಾಲ್ಕು ಅಂಗುಲ ದಪ್ಪದ ಹೆಂಟೆ ಎಬ್ಬಿಸಬೇಕಾದರೆ ಸುಮಾರು ನಾಲ್ಕು ಗುಂಟೆ ಜಾಗ ಬೇಕು. ತೂಕ ಮೂವತ್ತು ಟನ್ನಿಗೆ ಕಡಿಮೆಯಿಲ್ಲ. ಅಷ್ಟನ್ನೂ ಕೈಯಲ್ಲಿ ಎತ್ತಿ ಇಡಬೇಕು. ದಪ್ಪ ಗೋಡೆ ಶಾಖವನ್ನು ಬೇಗ ಸಾಗಗೊಡುವುದಿಲ್ಲ, ಬೇರುಗಳ ನಡುವೆ ಸಿಕ್ಕಿಕೊಂಡ ಗಾಳಿಯೂ ಅದಕ್ಕೆ ಸಹಾಯ ಮಾಡುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ತೊಂದರೆ ಇದ್ದದ್ದು ಚಾವಣಿಯದು. ಹೊರಗೆ ಮಳೆ ನಿಂತರೂ ಒಳಗೆ ಮಳೆ ನಿಲ್ಲುತ್ತಿರಲಿಲ್ಲ. ಒಲೆಯ ಮೇಲಿನ ಪಾತ್ರೆಗೆ ಮಣ್ಣು ಬೀಳದಂತೆ ಸೂರಿನ ಕೆಳಗೆ ಬಟ್ಟೆ ಕಟ್ಟುತ್ತಿದ್ದರು. ಸೌದೆಯಿಲ್ಲದ ಸೀಮೆಯಾದ್ದರಿಂದ ಒಲೆಗೆ ಒಣಗಿದ ಸಗಣಿ, ಹುರಿ ಮಾಡಿದ ಹುಲ್ಲು, ಕಾಳು ಬಿಡಿಸಿದ ಜೋಳದ ದಿಂಡು.

ಇದೆಲ್ಲ ಗೊತ್ತಿದ್ದೂ ಮ್ಯಾಟಿ ಸುಖವಾಗಿದ್ದೇನೆ ಎಂದು ಬರೆದಳು. ಅದು ನಿಜವೋ, ತವರಿನವರ ಸಮಾಧಾನಕ್ಕೋ? ಎರಡೂ ಇದ್ದೀತು. ನೆಲವಿಲ್ಲ ಎಂಬುದನ್ನು ಬಚ್ಚಿಡದವಳು ಸುಖವಿದೆ ಎಂದಾಗ ನಂಬುವುದು ನ್ಯಾಯ ಎಂದು ನನಗೆ ತೋರುತ್ತದೆ.

ಇನ್ನು ಮಿಡತೆ. ಅವರು ಬಂದ ಮರುವರ್ಷ, 1874ರ ಬೇಸಿಗೆಯ ಕೊನೆಯಲ್ಲಿ, ರಾಕಿ ಪರ್ವತದ ಕಡೆಯಿಂದ ದಂಡು ಇಳಿಯಿತು. ಜೋಳ ಹೋಯಿತು, ತರಕಾರಿ ಹೋಯಿತು. ನೆಲದೊಳಗಿನ ಈರುಳ್ಳಿಯನ್ನೂ ತಿಂದು ಬರೀ ಗುಳಿ ಉಳಿಸಿದವು. ಕುದುರೆಯ ಚರ್ಮದ ಪಟ್ಟಿ, ಒಣಗಹಾಕಿದ ಬಟ್ಟೆ, ಬೆವರಿನ ಉಪ್ಪು ಹತ್ತಿದ ಗುದ್ದಲಿಯ ಕಾವು ಕೂಡ ಕಡಿದವು ಎಂದು ಕಂಡವರು ಬರೆದಿಟ್ಟಿದ್ದಾರೆ. 1875ರಲ್ಲಿ ಬಂದ ದಂಡನ್ನು ನೆಬ್ರಾಸ್ಕದ ಪ್ಲಾಟ್ಸ್‌ಮತ್ ಊರಿನ ಆಲ್ಬರ್ಟ್ ಚೈಲ್ಡ್ ಎಂಬಾತ ಅಳೆಯಲು ಹೊರಟ. ದಂಡು ಅವನ ತಲೆಯ ಮೇಲೆ ಐದು ದಿನ ಹಾದುಹೋಯಿತು. ವೇಗ ಅಂದಾಜು ಮಾಡಿ ಉದ್ದ 1,800 ಮೈಲಿ ಎಂದ. ಅಕ್ಕಪಕ್ಕದ ಊರುಗಳಿಗೆ ತಂತಿ ಕೊಟ್ಟು ವಿಚಾರಿಸಿ ಅಗಲ 110 ಮೈಲಿ ಎಂದ. ಗುಣಿಸಿದರೆ 1,98,000 ಚದರ ಮೈಲಿ, ನಮ್ಮ ಕರ್ನಾಟಕದ ಎರಡೂವರೆ ಪಟ್ಟಿಗೂ ಮಿಗಿಲು. ಉದ್ದಗಲಕ್ಕೂ ಒಂದೇ ಸಮ ಹರಡಿತ್ತು ಎಂಬ ಊಹೆ ಇದರಲ್ಲಿದೆ, ನಿಜ. ಆದರೂ ಗಡಿಯಾರ ಮತ್ತು ತಂತಿ ಕಚೇರಿ ಎರಡನ್ನೇ ಇಟ್ಟುಕೊಂಡು ಮಾಡಿದ ಅಳತೆ ಎಂದರೆ ಮೆಚ್ಚಬೇಕು.

ಅಮೆರಿಕದ ಸಂಸತ್ತು 1875ರಲ್ಲಿ ಪರಿಹಾರಕ್ಕಾಗಿ ಒಂದೂವರೆ ಲಕ್ಷ ಡಾಲರ್ ಮಂಜೂರು ಮಾಡಿತು. ಸೇನೆಯ ಹಳೆಯ ಕೋಟು, ಬೂಟುಗಳನ್ನು ಹಂಚಲಾಯಿತು. 1877ರಲ್ಲಿ ನೆಬ್ರಾಸ್ಕ ಸರ್ಕಾರ, 16ರಿಂದ 60 ವರ್ಷದ ಗಟ್ಟಿಮುಟ್ಟಾದ ಗಂಡಸರೆಲ್ಲ ಎರಡು ದಿನ ಮಿಡತೆ ಕೊಲ್ಲುವ ಕೆಲಸಕ್ಕೆ ಬರಬೇಕೆಂದು ಕಾನೂನು ಮಾಡಿತು. ಯಾವುದೂ ನಾಟಲಿಲ್ಲ. ಆದರೆ ಇಪ್ಪತ್ತೈದು ವರ್ಷಗಳಲ್ಲಿ ಮಿಡತೆ ತಾನಾಗಿ ಇಲ್ಲವಾಯಿತು. ಜೀವಂತವಾಗಿ ಅದನ್ನು ಕೊನೆಯ ಬಾರಿ ಹಿಡಿದದ್ದು 1902ರಲ್ಲಿ. ದಂಡು ಏಳದ ವರ್ಷಗಳಲ್ಲಿ ಅದು ರಾಕಿ ಪರ್ವತದ ನದೀ ಕಣಿವೆಗಳ ಮಣ್ಣಿನಲ್ಲಿ ಮಾತ್ರ ಮೊಟ್ಟೆಯಿಟ್ಟು ಬದುಕುತ್ತಿತ್ತೆಂದೂ, ಆ ಕಣಿವೆಗಳನ್ನು ರೈತರು ಉತ್ತು, ನೀರು ಹಾಯಿಸಿ, ದನ ಮೇಯಿಸಿದ್ದರಿಂದ ಮೊಟ್ಟೆಗಳೇ ನಾಶವಾದವೆಂದೂ ಕೀಟವಿಜ್ಞಾನಿ ಜೆಫ್ರಿ ಲಾಕ್‌ವುಡ್ ವಿವರಿಸಿದ್ದಾರೆ. ಕಾನೂನು ಮಾಡಿ ಕೊಲ್ಲಲಾಗದ ಮಿಡತೆಯನ್ನು, ತಮಗೇ ಗೊತ್ತಿಲ್ಲದೆ, ನೇಗಿಲು ಹಿಡಿದವರು ಮುಗಿಸಿದರು.

ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿಗೆ ಸಿಕ್ಕಿತು. ಯಾರು ಬರೆದಿಟ್ಟರು ಎಂದರೆ ಚೈಲ್ಡ್‌ನಂಥವರು ಲೆಕ್ಕ ಬರೆದರು. ಬೆಳೆ ಕಳೆದುಕೊಂಡವರು ಮನೆಗೆ ಕಾಗದ ಬರೆದರು. ಲೆಕ್ಕವನ್ನು ನಂಬಬೇಕಾದರೆ ಕಾಗದಗಳ ಸಾಕ್ಷಿ ಬೇಕು. ಇಷ್ಟು ದಿನ, ಇಂಥ ಹೊಲದಲ್ಲಿ, ಇಂಥ ಬೆಳೆ ಹೋಯಿತು ಎಂದು ತಾರೀಖು ಹಾಕಿ ಅತ್ತೆ ಮಾವನಿಗೆ ಬರೆದವನಿಗೆ ಸುಳ್ಳು ಹೇಳಿ ಆಗಬೇಕಾದದ್ದು ಏನೂ ಇಲ್ಲ.

ಆಬ್ಲಿಂಗರ್ ಮನೆಯ ಕಥೆ ಮಾತ್ರ ಅಲ್ಲಿಗೆ ಮುಗಿಯುವುದಿಲ್ಲ. 1873ರ ಸೆಪ್ಟೆಂಬರಿನಲ್ಲಿ ಜೇ ಕುಕ್ ಕಂಪನಿ ಎಂಬ ದೊಡ್ಡ ಹಣಕಾಸು ಸಂಸ್ಥೆ ಮುಳುಗಿ ಅಮೆರಿಕಕ್ಕೆಲ್ಲ ಆರ್ಥಿಕ ಮುಗ್ಗಟ್ಟು ಬಂದಿತ್ತು. ಹಿಂದೆಯೇ ಮಿಡತೆ. ಹದಿನೆಂಟು ಡಾಲರಿಗೆ ಭೂಮಿ ಸಿಗಬಹುದು, ಆದರೆ ಕುದುರೆ, ನೇಗಿಲು, ಬೀಜ, ಬೆಳೆ ಬರುವತನಕ ಊಟ ಎಂದರೆ ನೂರಾರು ಡಾಲರ್ ಬೇಕು. ಸಾಲ ಸಿಕ್ಕಿದರೆ ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಮೇಲೆ ಬಡ್ಡಿ ಸಾಮಾನ್ಯ. ದುಡ್ಡಿಲ್ಲ ಎಂಬ ಮಾತು ಆ ಕಾಗದಗಳಲ್ಲಿ ಮಳೆ ಬಿಸಿಲಿನಷ್ಟೇ ಸಹಜವಾಗಿ ಬರುತ್ತದೆ.

ಆ ನಡುವೆ ಇನ್ನಿಬ್ಬರು ಹೆಣ್ಣುಮಕ್ಕಳು ಹುಟ್ಟಿದರು, ಸ್ಟೆಲ್ಲಾ ಮತ್ತು ಮ್ಯಾಗಿ. ಗಂಡ ಹೆಂಡತಿ ಒಂದೇ ಹಾಳೆಯಲ್ಲಿ ಒಬ್ಬರ ನಂತರ ಒಬ್ಬರು ಬರೆದ ಕಾಗದಗಳೂ ಈ ವರ್ಷಗಳಲ್ಲಿ ಸಿಗುತ್ತವೆ. 1880ರ ಫೆಬ್ರವರಿಯಲ್ಲಿ ಮ್ಯಾಟಿ ಹೆರಿಗೆಯಲ್ಲಿ ತೀರಿಕೊಂಡಳು. ತಿಳಿದು ಬಂದವಳು, ನೆಲವಿಲ್ಲದ ಮನೆಯಲ್ಲೂ ಸುಖ ಕಂಡವಳು, ಏಳು ವರ್ಷವೂ ತುಂಬಿರಲಿಲ್ಲ. ಜಾಹೀರಾತಿನಲ್ಲೂ ಪ್ರಾಧ್ಯಾಪಕರ ಪುಸ್ತಕದಲ್ಲೂ ಇಲ್ಲದ ಸಂಗತಿಯೆಂದರೆ ಇದು. ಆಸ್ಪತ್ರೆ, ರಸ್ತೆ, ತಿಳಿದ ವೈದ್ಯರು ಯಾವುದೂ ಇಲ್ಲದ ಬಯಲಿನಲ್ಲಿ ಹೆರಿಗೆ ಎಂದರೆ ಹೆಂಗಸರ ಪಾಲಿಗೆ ಪ್ರತಿಸಲವೂ ಬಿರುಗಾಳಿಯೇ.

ಯುರಾಯಾ ಮೂರು ಹೆಣ್ಣುಮಕ್ಕಳೊಂದಿಗೆ ಉಳಿದ. ಮುಂದೆ ಲಾರಾ ಬೇಕನ್ ಎಂಬಾಕೆಯನ್ನು ಮದುವೆಯಾದ, ಮತ್ತೆ ಮಕ್ಕಳಾದವು. ಆದರೆ ಫಿಲ್ಮೋರ್ ಕೌಂಟಿಯ ಆ ಹೊಲದಲ್ಲಿಯೇ ಬೇರೂರಿ ನಿಲ್ಲುವುದು ಅವನಿಗೆ ಆಗಲಿಲ್ಲ. ಊರು ಬದಲಿಸಿದ, ಭೂಮಿ ಬದಲಿಸಿದ, ಕಾಗದ ಬರೆಯುವುದನ್ನು ಮಾತ್ರ ಬಿಡಲಿಲ್ಲ. ಹೋಂಸ್ಟೆಡ್ ಕಾಯ್ದೆಯಡಿ ಕೊನೆಗೆ ಸುಮಾರು ಹದಿನಾರು ಲಕ್ಷ ಮಂದಿಗೆ ಭೂಮಿಯ ಹಕ್ಕುಪತ್ರ ಸಿಕ್ಕಿತೆಂದು ಇತಿಹಾಸದ ಪುಸ್ತಕಗಳಲ್ಲಿ ಓದುತ್ತೇವೆ. ಆ ಸಂಖ್ಯೆಯ ಒಳಗೆ ಒಂದೊಂದು ಮನೆಯೂ ಏನು ಕೊಟ್ಟು ಏನು ಪಡೆಯಿತು ಎಂಬುದು ಹಕ್ಕುಪತ್ರದಲ್ಲಿ ಇರುವುದಿಲ್ಲ.

ಎರಡು ವಾರದ ಮೇಲೆ ತರಗತಿಯಲ್ಲಿ ಇದನ್ನೆಲ್ಲ ಹೇಳಿದೆ. ಮಿಡತೆಯ ಕಥೆಗೆ ಮಕ್ಕಳು ಬಾಯಿ ಬಿಟ್ಟು ಕೂತಿದ್ದರು. ಅದೇ ಹುಡುಗ ಮತ್ತೆ ಎದ್ದ. ‘ಸಾರ್, ಹಂಗಾದ್ರೆ ಆ ರೈತ ಗೆದ್ನೋ ಸೋತ್ನೋ?’

‘ಗೊತ್ತಿಲ್ಲಪ್ಪ’ ಎಂದೆ. ಈ ಸಲ ‘ನಾಳೆ ಹೇಳ್ತೀನಿ’ ಎನ್ನಲಿಲ್ಲ. ಮಾತು ಬದಲಿಸಿ, ನಿಮ್ಮ ಮನೆಯಲ್ಲಿ ಹಳೆಯ ಕಾಗದಗಳಿದ್ದರೆ, ಮನೆಯವರನ್ನು ಕೇಳಿ, ತನ್ನಿ ಎಂದೆ. ನಲವತ್ತೆರಡು ಮಕ್ಕಳಲ್ಲಿ ನಾಲ್ಕು ಜನ ತಂದರು. ಒಂದು ಹುಡುಗಿ ತಂದ ಪೋಸ್ಟ್‌ಕಾರ್ಡಿನಲ್ಲಿ ಅವಳ ತಾತ, ಹಸು ಕರು ಹಾಕಿದ್ದನ್ನೂ ಕೊಬ್ಬರಿಯ ಧಾರಣೆಯನ್ನೂ ಬರೆದು, ಜಾಗ ಸಾಲದೆ ವಿಳಾಸದ ಪಕ್ಕದಲ್ಲಿ ಅಡ್ಡಡ್ಡವಾಗಿ ‘ಮಗುವಿಗೆ ಜ್ವರ ಬಿಟ್ಟಿತೆ, ಮರುಟಪಾಲಿಗೆ ತಿಳಿಸು’ ಎಂದಿದ್ದರು. ‘ಆ ಮಗು ನಮ್ಮಪ್ಪ ಸಾರ್’ ಎಂದಳು ಹುಡುಗಿ.

ನಮ್ಮ ಮನೆಯಲ್ಲೂ ಕಾಗದಗಳಿದ್ದವು. ತಂದೆಯವರು ಬಂದ ಕಾಗದಗಳನ್ನೆಲ್ಲ ಕೊಕ್ಕೆಯ ತಂತಿಗೆ ಚುಚ್ಚಿ ಪಡಸಾಲೆಯ ಗೂಟಕ್ಕೆ ತೂಗುಹಾಕುತ್ತಿದ್ದರು. ಅವರು ತೀರಿಕೊಂಡ ಮೇಲೆ ಮನೆಗೆ ಸುಣ್ಣ ಹೊಡೆಸುವಾಗ ಆ ತಂತಿಯನ್ನು ಇಳಿಸಿದ್ದು ನಾನೇ. ತಂತಿ ಈಗಲೂ ಇದೆ. ಕಾಗದಗಳು ಆವತ್ತು ಹಂಡೆಯ ಒಲೆಗೆ ಹೋದವು.